ಡಬ್ಬಿ ತಿರುಗಿಸಿ ಹಿಂದೆ ಓದಿ

ಸಂಪಾದಕರಿಗೆ ನಮಸ್ಕಾರ,

ನನ್ನ ಮಗಳು ವಿಡಿಯೋ ನೋಡ್ಕೊಂಡು ಒಂದೇ ವಾರದಲ್ಲಿ ಮೂರು ಹೊಸ ಸೀರಮ್ (ಮುಖಕ್ಕೆ ಹಚ್ಚೋ ತೆಳು ದ್ರವ) ಹಚ್ಚಿ ಮುಖವೆಲ್ಲಾ ಕೆಂಪಗಾಗಿ ಉರಿ ತಡೀಲಾರದೆ ಅತ್ತಾಗ್ಲೇ ನಾನು ಈ ಡಬ್ಬಿಗಳ ಹಿಂದೆ ಏನ್ ಬರ್ದಿರ್ತಾರೆ ಅಂತ ಓದೋಕೆ ಶುರು ಮಾಡಿದ್ದು. ಪಟ್ಟೀಲಿ ಜಾಸ್ತಿ ಇರೋ ಪದಾರ್ಥ ಮೊದ್ಲು ಬರುತ್ತೆ, ಶೇ. 1ಕ್ಕಿಂತ ಕಮ್ಮಿ ಇರೋವನ್ನ ಮಾತ್ರ ಕೊನೇಲಿ ಹೇಗ್ ಬೇಕಾದ್ರೂ ಬರೀಬಹುದು, ಮುಂದೆ ದಪ್ಪಕ್ಷರದಲ್ಲಿ ಮೆರೆಯೋ ಹೆಸರು ಎಷ್ಟೋ ಸಲ ಅಲ್ಲೇ ಕೊನೇಲಿ ಇರುತ್ತೆ! ನ್ಯಾಚುರಲ್ ಅಂದ ಮಾತ್ರಕ್ಕೆ ಸೇಫ್ ಅಲ್ಲ, ಗಿಡದ ಸುಗಂಧ ಎಣ್ಣೆಗಳಿಂದ್ಲೂ ಅಲರ್ಜಿ ಆಗುತ್ತೆ. ಸನ್‌ಸ್ಕ್ರೀನ್ ಡಬ್ಬಿ ಮೇಲೆ ಬರೆಯೋ ಎಸ್‌ಪಿಎಫ್ ಅಂದ್ರೆ ಬಿಸಿಲಿಂದ ಎಷ್ಟು ರಕ್ಷಣೆ ಅನ್ನೋ ಅಳತೆ; ಎಸ್‌ಪಿಎಫ್ 30 ಚರ್ಮ ಸುಡೋ ಯುವಿಬಿ ಕಿರಣನ ಸುಮಾರು ಶೇ. 97 ತಡೆದ್ರೆ 50 ತಡೆಯೋದು ಶೇ. 98, ನಂಬರ್‌ಗಿಂತ ಸರಿಯಾಗಿ ಹಚ್ಕೊಳ್ಳೋದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚೋದು ಮುಖ್ಯ.

ಬೆಳ್ಳಗೆ ಮಾಡ್ತೀವಿ ಅನ್ನೋ ಕ್ರೀಮ್‌ಗಳ ಬಗ್ಗೆ ನಂಗೆ ನಿಜಕ್ಕೂ ಸಿಟ್ಟಿದೆ, ಅಂಥ ಕೆಲವದ್ರಲ್ಲಿ ಪಾದರಸ, ಸ್ಟೀರಾಯ್ಡ್ ಪತ್ತೆಯಾಗಿವೆ, ಮಕ್ಕಳ ಮನಸ್ಸಲ್ಲಿ ಬಣ್ಣದ ಕೀಳರಿಮೆ ಬೇರೆ.

ಮುಖ ತೊಳೆಯೋ ಕ್ಲೆನ್ಸರ್, ಚರ್ಮ ಒಣಗದಂತೆ ಹಚ್ಚೋ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟಿದ್ರೆ ತುಂಬಾ ಜನಕ್ಕೆ ಸಾಕು. ಹೊಸದನ್ನ ಒಂದೊಂದಾಗಿ, ಮೊದ್ಲು ಮೊಣಕೈ ಒಳಭಾಗಕ್ಕೆ ಒಂದು ವಾರ ಹಚ್ಚಿ ನೋಡಿ. ನಿಮ್ಮ ಪೇಪರ್‌ನಲ್ಲಿ ಚರ್ಮದ ಡಾಕ್ಟರ್ ಹತ್ರ ಇದರ ಬಗ್ಗೆ ಒಂದು ಅಂಕಣ ಬರೆಸಿ ಸರ್.

— ಒಬ್ಬ ತಾಯಿ