ಭಾನುವಾರ ಬಸಾಲ್ಟ್ ಕಾರು ನೋಡಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹತ್ತು ಲಕ್ಷದ ಆಸುಪಾಸಿನಲ್ಲಿ ಕೂಪೆ (ಚಾವಣಿ ಹಿಂದಕ್ಕೆ ಇಳಿಜಾರಾಗಿರುವ) ಸೊಗಸಿನ ಕಾರು ಹುಡುಕುತ್ತಿರುವವರಿಗೆ ಈ ಸೂಚನೆ. ನಮ್ಮ ಸದಸ್ಯರೊಬ್ಬರು ಕೊಂಡಿರುವ ಸಿಟ್ರನ್ ಕಂಪನಿಯ ಬಸಾಲ್ಟ್ ಟರ್ಬೊವನ್ನು (ಹೆಚ್ಚು ಬಲದ ಎಂಜಿನ್ ಇರುವ ಮಾದರಿ) ಈ ಭಾನುವಾರ ಬೆಳಿಗ್ಗೆ 7ಕ್ಕೆ ಬೆಂಗಳೂರಿನ ಲಾಲ್‌ಬಾಗ್ ಪಶ್ಚಿಮ ದ್ವಾರದ ಬಳಿ ತರುತ್ತಾರೆ.

2024ರ ಆಗಸ್ಟ್‌ನಲ್ಲಿ ಇದರ ಆರಂಭಿಕ ಬೆಲೆ 7.99 ಲಕ್ಷ ಇತ್ತು. ಆದರೆ ಅದು 82 ಪಿಎಸ್‌ನ (ಪಿಎಸ್ ಎಂದರೆ ಎಂಜಿನ್ ಬಲದ ಅಳತೆ) ಸಾದಾ ಎಂಜಿನ್‌ಗೆ. ಊರೊಳಗೆ ಓಡಾಡಲು ಸಾಕು, ಅಷ್ಟೇ. ಕೂಪೆಯ ಗತ್ತು ಬೇಕೆಂದರೆ 110 ಪಿಎಸ್ ಟರ್ಬೊವೇ ಸರಿ. ಆರು ಏರ್‌ಬ್ಯಾಗ್‌, 470 ಲೀಟರ್ ಡಿಕ್ಕಿ ಇವೆ, ಸನ್‌ರೂಫ್ ಮಾತ್ರ ಇಲ್ಲ.

ಹಿಂದಕ್ಕೆ ಇಳಿಜಾರಾಗುವ ಚಾವಣಿ ನೋಡಲು ಚೆಂದ, ಎತ್ತರದವರ ತಲೆಗೆ ಹೇಗೋ! ಮನೆಯಲ್ಲಿ ಉದ್ದನೆಯವರಿದ್ದರೆ ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿ. ಮೇಲಿನ ಮಾದರಿಗಳಲ್ಲಿ ತೊಡೆಗೆ ಆಸರೆ ಕೊಡುವ ಭಾಗವನ್ನು ಏರಿಸಿ ಇಳಿಸಬಹುದು, ಅದನ್ನೂ ಪರೀಕ್ಷಿಸಿ.

ಲೆಕ್ಕ ಹಾಕುವಾಗ ಒಂದು ಮಾತು: ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಆಜೀವ ತೆರಿಗೆ ಶೇ. 14ರಿಂದ 17ಕ್ಕೆ ಏರುತ್ತದೆ, ಸೆಸ್ ಬೇರೆ.

ಓಡಿಸುವವರು ಚಾಲನಾ ಪರವಾನಗಿ ತನ್ನಿ. ಎಷ್ಟು ಜನ ಬರುತ್ತೀರಿ ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ, ದಯವಿಟ್ಟು.