ಬುದ್ಧಿ ಸಾಲದೆಂಬ ಆ ಒಂದು ಸಾಲು

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಉಳಿದದ್ದನ್ನೆಲ್ಲ ಒಂದೇ ಸಲಕ್ಕೆ ಓದಿ ಮುಗಿಸಿದೆ. "ಜೊತೆಯವರಿಗೆ ಲೆಕ್ಕ ನೋಡಿದೊಡನೆ ದಾರಿ ಹೊಳೆಯುತ್ತದೆ, ನನಗೆ ಅಷ್ಟು ಬುದ್ಧಿಯೇ ಇಲ್ಲವೇನೋ" ಎಂಬ ಸಾಲನ್ನು ಮಾತ್ರ ನಾಲ್ಕು ದಿನಗಳಿಂದ ಮತ್ತೆ ಮತ್ತೆ ಓದುತ್ತಿದ್ದೇನೆ.

1981ರಲ್ಲಿ ಮನೋವಿಜ್ಞಾನಿ ಮಿಶೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ 24 ಲೆಕ್ಕಗಳನ್ನು ಕೊಟ್ಟು, ಬಿಡಿಸುವುದು ಬೇಡ, ಒಂದೇ ಬಗೆಯವನ್ನು ಗುಂಪು ಮಾಡಿ ಸಾಕು ಎಂದು ಕೇಳಿದ್ದರು. ಆಗಷ್ಟೇ ಕಲಿಯುತ್ತಿದ್ದವರು ಇಳಿಜಾರಿನವು ಇತ್ತ, ಸ್ಪ್ರಿಂಗಿನವು ಅತ್ತ ಎಂದು ಜೋಡಿಸಿದರೆ, ಪಿಎಚ್.ಡಿ. ವಿದ್ಯಾರ್ಥಿಗಳು ಶಕ್ತಿಯ ಸಂರಕ್ಷಣೆ, ನ್ಯೂಟನ್ನನ ಎರಡನೆಯ ನಿಯಮ ಎಂದು ಜೋಡಿಸಿದರು. ನೀನು ಬುದ್ಧಿ ಎಂದು ಹೆಸರಿಟ್ಟು ಹೆದರಿರುವುದು ಬಹುಶಃ ಕಣ್ಣಿಗೆ ಕಾಣುವ ವಸ್ತುವನ್ನು ದಾಟಿ ಒಳಗಿನ ನಿಯಮವನ್ನು ಗುರುತಿಸುವ ಈ ಪಳಗಿದ ನೋಟಕ್ಕೆ.

ಹಾಗೆಂದು ಬುದ್ಧಿಶಕ್ತಿಯಲ್ಲಿ ವ್ಯತ್ಯಾಸವೇ ಇಲ್ಲವೆಂದು ನಿನ್ನನ್ನು ಸಮಾಧಾನಪಡಿಸಲಾರೆ. ಹೊಸ ವಿಷಯದೆದುರು ಏಕಕಾಲಕ್ಕೆ ಹಲವು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಎಲ್ಲರಿಗೂ ಸಮನಾಗಿರುವುದಿಲ್ಲ. ಆದರೆ ಅನುಭವವು ಆ ಹಲವನ್ನು ಒಂದೇ ಕಟ್ಟಾಗಿ ಕಟ್ಟಿಕೊಡುತ್ತದೆ. ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು 1973ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ನಿಜವಾದ ಆಟದ ಚದುರಂಗದ ಹಲಗೆಯನ್ನು ಐದು ಸೆಕೆಂಡು ನೋಡಿದ ನಿಪುಣನು ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾಗಿ ಮರುಜೋಡಿಸಿದ; ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟಾಗ ಆ ಮೇಲುಗೈ ಉಳಿಯಲಿಲ್ಲ. ಅವನ ಜ್ಞಾಪಕಶಕ್ತಿಯೇ ದೊಡ್ಡದಾಗಿದ್ದರೆ ಅಲ್ಲಿಯೂ ಗೆಲ್ಲಬೇಕಿತ್ತಲ್ಲವೇ?

ಈ ಪ್ರಶ್ನೆ ನನಗೆ ಬಹಳ ತಡವಾಗಿ ಹೊಳೆಯಿತು. ಸಂಶೋಧನೆಗೆ ಸೇರಿದ ವರ್ಷ ನಿನ್ನ ಈ ಸಾಲನ್ನೇ ನಾನೂ ಒಳಗೊಳಗೇ ಹೇಳಿಕೊಂಡೆ, ಯಾರಿಗೂ ಬರೆಯಲಿಲ್ಲ, ಎಂಟೇ ತಿಂಗಳಿಗೆ ಬಿಟ್ಟು ಬಂದೆ. ನನ್ನನ್ನು ಬೆಚ್ಚಿಸಿದ್ದ ಪಕ್ಕದ ಮೇಜಿನ ಗೆಳೆಯ ಹೈಸ್ಕೂಲಿನಿಂದಲೂ ತಂದೆಯ ಜೊತೆ ಕೂತು ಅಂಥವೇ ಲೆಕ್ಕಗಳನ್ನು ಮಾಡುತ್ತಿದ್ದನೆಂಬುದು ತಿಳಿದಾಗ ನನಗೆ ನಲವತ್ತು ದಾಟಿತ್ತು. ಅದಕ್ಕಿಂತ ನೋಯಿಸುವುದು ಇನ್ನೊಂದಿದೆ: ಅಷ್ಟರೊಳಗೆ ನಾನು ಅಧ್ಯಾಪಕನಾಗಿ, ನಿಧಾನವಾಗಿ ಕಲಿಯುವ ಎಷ್ಟೋ ಮಕ್ಕಳಿಗೆ "ಇದು ನಿನ್ನ ತಲೆಗೆ ಹತ್ತುವುದಿಲ್ಲ" ಎಂದುಬಿಟ್ಟಿದ್ದೆ. ನನ್ನ ಭಯವನ್ನೇ ಅವರಿಗೆ ಹಂಚಿದ್ದೆನೋ ಏನೋ.

ಉಪದೇಶಿಸುವ ಯೋಗ್ಯತೆ ನನಗೆಷ್ಟಿದೆಯೋ ಕಾಣೆ. ಸಮೀಕರಣ ಬರೆಯುವ ಮೊದಲು, ಇಲ್ಲಿ ಯಾವ ನಿಯಮ ದುಡಿಯುತ್ತಿದೆ, ಏಕೆ ಎಂದು ಒಂದು ವಾಕ್ಯ ಬರೆದು ನೋಡು. ಬಿಡಿಸಿದ ಲೆಕ್ಕವನ್ನು ವಾರದ ಬಳಿಕ ಉತ್ತರ ನೋಡದೆ ಮತ್ತೊಮ್ಮೆ ಮಾಡಿದರೂ ಒಳ್ಳೆಯದು. ಇದೆಲ್ಲ ನಿನಗೆ ಗೊತ್ತಿರಲೂಬಹುದು.

ಒಂದು ಮಾತು ಕೇಳಬೇಕೆನಿಸುತ್ತದೆ, ಮಗಳೇ. ಆ ಜೊತೆಯವರು ಇಂಥ ಲೆಕ್ಕಗಳನ್ನು ಎಷ್ಟು ವರ್ಷಗಳಿಂದ ಮಾಡುತ್ತಿದ್ದಾರೆಂದು ವಿಚಾರಿಸಿದೆಯಾ? ನಾನು ವಿಚಾರಿಸಿರಲಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ