ಗಾಜು ಉಳಿದೀತು, ಅದರೊಳಗಿನ ಕನ್ನಡ?

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಗಾಜಿನಲ್ಲಿ ದಾಖಲೆ ಬರೆದಿಡುವ ಯಂತ್ರ ಮಾರಲು ಇವತ್ತಲ್ಲ ನಾಳೆ ಯಾರಾದರೂ ನಿಮ್ಮ ಕಚೇರಿಗೆ ಬರುತ್ತಾರೆ. ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ: ಹಳೆಯ ಕನ್ನಡ ಕಡತಗಳನ್ನು ಸರಿಪಡಿಸುವುದು. ಅದಕ್ಕೆ ಲೇಸರ್ ಬೇಕಿಲ್ಲ.

ತಂತ್ರಜ್ಞಾನವೇನೋ ನಿಜವಾದದ್ದೇ. 2013ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 300 ಕಿಲೋಬೈಟಿನ ಪಠ್ಯವೊಂದನ್ನು ಸಿಲಿಕಾ ಗಾಜಿನೊಳಗೆ ಬರೆದು ತೋರಿಸಿದರು. 2019ರಲ್ಲಿ ಮೈಕ್ರೋಸಾಫ್ಟ್ 75 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಬಿಲ್ಲೆಗೆ 75.6 ಜಿಬಿಯ ಇಡೀ ಸಿನಿಮಾ ಇಳಿಸಿತು. ಲೇಸರಿನ ಅತಿ ಚುಟುಕು ಮಿಡಿತ ಗಾಜಿನ ಮೇಲ್ಮೈಗೆ ಏನೂ ಮಾಡದೆ, ಫೋಕಸ್ ಆದ ಬಿಂದುವಿನಲ್ಲಿ ಮಾತ್ರ ನ್ಯಾನೋ ಗೆರೆಗಳನ್ನು ಮೂಡಿಸುತ್ತದೆ. ಗೆರೆ ಯಾವ ಕಡೆಗಿದೆ, ಹಾದುಹೋಗುವ ಬೆಳಕನ್ನು ಎಷ್ಟು ತಡಮಾಡಿಸುತ್ತದೆ ಎಂಬುದೇ ಮಾಹಿತಿ. ಧ್ರುವೀಕೃತ ಬೆಳಕಿನ (ಒಂದು ಗೊತ್ತಾದ ದಿಕ್ಕಿನಲ್ಲೇ ಕಂಪಿಸುವ ಬೆಳಕಿನ) ಸೂಕ್ಷ್ಮದರ್ಶಕದಲ್ಲಿ ಪದರ ಪದರವಾಗಿ ಓದಬೇಕು. ಆಳಕ್ಕಿಳಿದಷ್ಟೂ ಫೋಕಸ್ ಹರಡಿಕೊಳ್ಳುತ್ತದೆ, ಪಕ್ಕದ ಪದರದ ಚುಕ್ಕೆಗಳು ಮಸುಕಾಗಿ ಅಡ್ಡ ಬರುತ್ತವೆ. ಹಾಗಾಗಿ ತಪ್ಪು ತಿದ್ದುವ ಕೋಡ್ ಸೇರಿಸಿಯೇ ಬರೆಯುತ್ತಾರೆ. ಆದರೆ ಆ ಕೋಡ್ ಓದುವಾಗಿನ ತಪ್ಪನ್ನಷ್ಟೇ ತಿದ್ದೀತು. ಕಡತವೇ ಕೆಟ್ಟಿದ್ದರೆ ಕೆಟ್ಟದ್ದೇ ಸಾವಿರಾರು ವರ್ಷ ಉಳಿಯುತ್ತದೆ.

ನಮ್ಮ ಆತಂಕವೂ ಅದೇ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆ ಬಳಕೆಯಲ್ಲಿ ಹರಡುವ ಮುಂಚಿನ, ಕನ್ನಡ ತಂತ್ರಾಂಶ ನುಡಿಯ ಫಾಂಟಿನ ಕಡತವೊಂದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಅದರ ಬೆನ್ನಿಗೆ ಬ್ರಿಟನ್ನಿನ ಪೌಂಡ್ ಚಿಹ್ನೆ! ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲು ತಪ್ಪಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ಕಲಸುಮೇಲೋಗರವಾಗುತ್ತದೆ. ಆದ್ದರಿಂದ ಫಾಂಟ್ ನೋಡಿ ತುಣುಕು ತುಣುಕಾಗಿ ಪರಿವರ್ತಿಸಬೇಕು, ಆಮೇಲೆ ಮನುಷ್ಯರೇ ಕೂತು ಓದಬೇಕು.

ಈ ವರ್ಷ ಇದಕ್ಕೆ ಹಣ ಕೊಡಿ. ಮೂಲ ಕಡತವನ್ನೂ ಎಸೆಯದೆ, ಪ್ರತಿ ಕಡತಕ್ಕೆ ಎಸ್‌ಎಚ್‌ಎ-256 ಮೊತ್ತ (ಕಡತ ಚೂರು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬರೆಸಿ, ಮೂರು ಪ್ರತಿ ಮಾಡಿಸಿ, ಒಂದು ಮೈಸೂರಿನಲ್ಲಿರಲಿ. ಸದ್ಯಕ್ಕೆ ಎಲ್‌ಟಿಒ ಟೇಪ್ (ಕಂಪ್ಯೂಟರ್ ಕಡತ ಉಳಿಸುವ ಕಾಂತೀಯ ಪಟ್ಟಿ) ಸಾಕು. ಆದರೆ ಎಲ್‌ಟಿಒ-8 ಡ್ರೈವ್, ಅಂದರೆ ಎಂಟನೆಯ ತಲೆಮಾರಿನ ಟೇಪ್ ಓದುವ ಯಂತ್ರ, ಆರನೆಯ ತಲೆಮಾರಿನ ಎಲ್‌ಟಿಒ-6 ಟೇಪನ್ನು ಓದುವುದಿಲ್ಲ, ಆದ್ದರಿಂದ ಹೊಸ ಟೇಪಿಗೆ ದಾಟಿಸುವ ಖರ್ಚನ್ನು ಈಗಲೇ ಬಜೆಟ್ಟಿನಲ್ಲಿ ತೋರಿಸಿ.

ಗಾಜಿಗೆ ಟೆಂಡರ್ ಕರೆಯುವ ದಿನ ಬಂದಾಗ ಎರಡು ಷರತ್ತು ಬಿಡಬೇಡಿ. ಓದುವ ಯಂತ್ರದ ವಿವರ ಬಹಿರಂಗವಾಗಿರಬೇಕು. ಮೊದಲ ಬಿಲ್ಲೆಯ ಮೇಲೆ, ಉಳಿದವನ್ನು ಓದುವ ವಿಧಾನವನ್ನು ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಕೆತ್ತಿರಬೇಕು. ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿ ಬೆಂಗಳೂರಿನ ಹೆಸರು ಓದಲು ಲಿಪಿ ಬಲ್ಲವರಿದ್ದರೆ ಸಾಕು, ಡ್ರೈವ್ ಬೇಡ.

ಇಂತಿ,
ದಾಖಲೆ ಸಂರಕ್ಷಣೆಯ ಕೆಲಸದಲ್ಲಿರುವವರು, ಬೆಂಗಳೂರು